ಬೂನ್ ವಂಶವೃಕ್ಷದಲ್ಲಿ ಜೆಮೈಮಾ

ಅಮೆರಿಕದ ಸೇಂಟ್ ಲೂಯಿಸ್‌ನಿಂದ ಪಶ್ಚಿಮಕ್ಕೆ, ಮಿಸೌರಿ ನದಿಯ ಬಯಲು ಮತ್ತು ಗುಡ್ಡಗಳ ನಡುವೆ ಬಳಸಿ ಸಾಗುವ 94ನೇ ಹೆದ್ದಾರಿಯಲ್ಲಿ ಹೋದರೆ ಡಿಫೈಯನ್ಸ್ ಎಂಬ ಸಣ್ಣ ಊರು ಸಿಗುತ್ತದೆ. ಕೆಂಟಕಿಗೆ ವಲಸಿಗರ ದಾರಿ ತೆರೆದ ಡ್ಯಾನಿಯಲ್ ಬೂನ್ 1820ರಲ್ಲಿ ಕೊನೆಯುಸಿರೆಳೆದದ್ದು ಇದರ ಸಮೀಪದಲ್ಲಿರುವ ಮಗ ನೇಥನ್‌ನ ಮನೆಯಲ್ಲಿ. ದಪ್ಪ ಸುಣ್ಣಕಲ್ಲಿನ ಗೋಡೆಗಳ ಆ ಮನೆ ನಿಜಕ್ಕೂ ಚೆನ್ನಾಗಿದೆ. ಬೂನ್ ಫೆಲ್ಟ್ ಟೊಪ್ಪಿ ಹಾಕುತ್ತಿದ್ದನೆಂಬುದು ಗೊತ್ತಿದ್ದೂ ದಾರಿಯಂಗಡಿಗಳಲ್ಲಿ ಅವನ ಹೆಸರಿನಲ್ಲಿ ಬಾಲವಿರುವ ತುಪ್ಪಳದ ಟೊಪ್ಪಿಗಳನ್ನು ಮಾರುವುದು ಮಾತ್ರ ನನಗೆ ಸಹಿಸಲಿಲ್ಲ.

ಅಲ್ಲಿಂದ, ಬೂನ್ ದಂಪತಿಯನ್ನು ಹೂಳಿದ್ದ ಮಾರ್ಥಾಸ್‌ವಿಲ್ ಬಳಿಯ ಹಳೆಯ ಸ್ಮಶಾನಕ್ಕೆ ಹೊರಟೆವು. ಗುಡ್ಡಗಳ ನಡುವೆ ಮೊಬೈಲ್ ಸಿಗ್ನಲ್ ಹೋಗಿ, ನಕ್ಷೆಯ ಆ್ಯಪ್ ನಮ್ಮನ್ನು ಯಾರದೋ ಹೊಲದ ಗೇಟಿನ ಮುಂದೆ, ಬೊಗಳುತ್ತಿದ್ದ ನಾಯಿಯ ಎದುರು ತಂದು ನಿಲ್ಲಿಸಿತು. ಆ ಕಡೆಗೆ ಹೋಗುವವರು ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳುವುದು ಕ್ಷೇಮ.

ಸ್ಮಶಾನದಲ್ಲಿ ಒಬ್ಬ ವೃದ್ಧೆ ಕಲ್ಲುಗಳ ಮೇಲಿನ ಒಣ ಎಲೆ ಸರಿಸುತ್ತಿದ್ದರು. ತಮ್ಮ ಮನೆತನ ಬೂನ್‌ನ ಮಗಳು ಜೆಮೈಮಾಳ ಕಡೆಯದು ಎಂದು ಹೇಳಿ, ಚೀಲದಿಂದ ಮಡಿಸಿದ ವಂಶಾವಳಿಯ ಹಾಳೆಯನ್ನು ತೆಗೆದು ಕಲ್ಲಿನ ಮೇಲೆ ಹರಡಿದರು. ಡ್ಯಾನಿಯಲ್‌ನ ತಾತ ಜಾರ್ಜ್ ಬೂನ್ ಇಂಗ್ಲೆಂಡಿನ ಡೆವನ್‌ನಿಂದ 1717ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದವನು. ಬೂನ್ ಕುಟುಂಬ ಸೇರಿದ್ದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮದುವೆ, ಜನನ, ಬಹಿಷ್ಕಾರ ಎಲ್ಲವನ್ನೂ ಸಭೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದುದರಿಂದ ಅಲ್ಲಿಯವರೆಗಿನ ಕೊಂಡಿಗಳು ಗಟ್ಟಿಯಾಗಿವೆ. ಕುಟುಂಬ 1750ರಲ್ಲಿ ದಕ್ಷಿಣಕ್ಕೆ ಹೊರಟು ಉತ್ತರ ಕೆರೊಲಿನಾದ ಯಾಡ್ಕಿನ್ ಕಣಿವೆ ಸೇರಿದ ಮೇಲೆ ಅಂಥ ಪುಸ್ತಕಗಳ ಆಸರೆ ತಪ್ಪುತ್ತದೆ. ಉಳಿಯುವುದು ಜಮೀನಿನ ಪತ್ರ, ಮನೆಯ ಬೈಬಲ್ಲಿನ ಪುಟ ಮತ್ತು ಜನರ ನೆನಪು.

ಡ್ಯಾನಿಯಲ್ 1756ರಲ್ಲಿ ರೆಬೆಕಾ ಬ್ರಯನ್‌ಳನ್ನು ಮದುವೆಯಾದ, ಹತ್ತು ಮಕ್ಕಳಾದವು. ಜೆಮೈಮಾ ಹುಟ್ಟಿದ್ದು 1762ರಲ್ಲಿ. ಬೂನ್ ದೀರ್ಘಕಾಲ ಬೇಟೆಯಲ್ಲಿದ್ದಾಗ, ಅವನು ಸತ್ತನೆಂದೇ ಮನೆಯವರು ನಂಬಿದ್ದಾಗ ಅವನ ತಮ್ಮನಿಂದ ಹುಟ್ಟಿದ ಮಗು ಇದು ಎಂಬ ಮಾತು ಆ ಕಾಲದಿಂದಲೂ ಇದೆ. 19ನೇ ಶತಮಾನದಲ್ಲಿ ಲೈಮನ್ ಡ್ರೇಪರ್ ಎಂಬ ಸಂಗ್ರಾಹಕ ಬೂನ್ ಬಳಗದವರನ್ನೂ ನೆರೆಹೊರೆಯವರನ್ನೂ ಮಾತಾಡಿಸಿ ಬರೆದಿಟ್ಟ ಕಾಗದಗಳಲ್ಲಿ ಈ ಕತೆಯೂ ಸೇರಿತು. ಹಿಂದಿರುಗಿದ ಬೂನ್ ಆ ಮಗುವನ್ನು ತನ್ನದೆಂದೇ ಎತ್ತಿಕೊಂಡ ಎಂಬಲ್ಲಿಗೆ ಕತೆ ನಿಲ್ಲುತ್ತದೆ.

“ಹಾಗಿದ್ದರೆ ಈ ಗೆರೆಯನ್ನು ಎಲ್ಲಿಗೆ ಎಳೆದಿದ್ದೀರಿ?” ಎಂದು ಸಂಕೋಚದಿಂದಲೇ ಕೇಳಿದೆ. ಅವರು ಬೆರಳಿಟ್ಟು ತೋರಿಸಿದರು. ಗೆರೆ ನೇರವಾಗಿ ಡ್ಯಾನಿಯಲ್‌ಗೇ ಸೇರಿತ್ತು. “1776ರಲ್ಲಿ ಮೂಲನಿವಾಸಿ ಬುಡಕಟ್ಟಿನ ಷಾನಿಗಳೂ ಚೆರೋಕಿಗಳೂ ದೋಣಿಯಿಂದ ಇವಳನ್ನು ಹಿಡಿದೊಯ್ದಾಗ ಬೆನ್ನಟ್ಟಿ ಹೋಗಿ ಬಿಡಿಸಿಕೊಂಡು ಬಂದವನು ಯಾರು?” ಎಂದರು. ನಾನು ಸುಮ್ಮನಿದ್ದೆ. ಅವರೇ ಮುಂದುವರಿಸಿದರು: “1778ರಲ್ಲಿ ಷಾನಿಗಳು ಬೂನ್‌ನನ್ನು ಸೆರೆಹಿಡಿದರು. ಸತ್ತನೆಂದು ತಿಳಿದು ರೆಬೆಕಾ ಮಿಕ್ಕ ಮಕ್ಕಳನ್ನು ಕಟ್ಟಿಕೊಂಡು ಕೆರೊಲಿನಾಕ್ಕೆ ಹಿಂದಿರುಗಿದಳು. ಅವನು ತಪ್ಪಿಸಿಕೊಂಡು ಕೆಂಟಕಿಯ ಬೂನ್ಸ್‌ಬರೊ ಕೋಟೆಗೆ ಬಂದಾಗ ಅಲ್ಲಿ ಉಳಿದಿದ್ದವಳು ಇವಳೇ.”

ಆಗ ಜೆಮೈಮಾಗೆ ಹದಿನಾರೂ ತುಂಬಿರಲಿಲ್ಲ. ಹಿಂದಿನ ವರ್ಷವಷ್ಟೇ ಫ್ಲಾಂಡರ್ಸ್ ಕ್ಯಾಲವೇಯನ್ನು ಮದುವೆಯಾಗಿದ್ದಳು. ಮುಂದೆ ಮಿಸೌರಿಗೂ ತಂದೆತಾಯಿಯ ಜೊತೆಗೇ ನಡೆದಳು. ರೆಬೆಕಾ 1813ರಲ್ಲಿ ತೀರಿಕೊಂಡದ್ದು ಈ ಮಗಳ ಮನೆಯಲ್ಲಿ. ಮದುವೆಯಾದ ಹೆಣ್ಣಿನ ಉಪನಾಮ ಬದಲಾಗುವುದರಿಂದ ಬೂನ್ ಎಂಬ ಹೆಸರನ್ನಷ್ಟೇ ಹುಡುಕುವವರಿಗೆ ಈ ಕವಲಿನವರು ಸಿಗುವುದಿಲ್ಲವೆಂದು ಆ ವೃದ್ಧೆ ಗೊಣಗಿದರು.

ಇದೇ ಸ್ಮಶಾನದಿಂದ 1845ರಲ್ಲಿ ಕೆಂಟಕಿಯವರು ದಂಪತಿಯ ಅಸ್ಥಿಗಳನ್ನು ಅಗೆದು ತಮ್ಮ ರಾಜಧಾನಿ ಫ್ರಾಂಕ್‌ಫರ್ಟ್‌ಗೆ ಸಾಗಿಸಿದರು. ಅಗೆದದ್ದು ಬೇರೆಯವರ ಗುಂಡಿ, ಬೂನ್ ಇನ್ನೂ ಇಲ್ಲೇ ಇದ್ದಾನೆ ಎಂದು ಮಿಸೌರಿಯವರು ಇಂದಿಗೂ ವಾದಿಸುತ್ತಾರೆ. ಆ ಜಗಳದ ಬಗ್ಗೆ ಕೇಳಿದ್ದಕ್ಕೆ ವೃದ್ಧೆ ಹಾಳೆ ಮಡಿಸುತ್ತಾ, “ಅದು ಗಂಡಸರ ಚರ್ಚೆ, ನನಗೆ ಮಧ್ಯಾಹ್ನದ ಊಟಕ್ಕೆ ಹೊತ್ತಾಯಿತು” ಎಂದು ಕಾರಿನತ್ತ ನಡೆದರು.