2-0 ಇಂದ 5-2ಕ್ಕೆ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಮೊಬೈಲ್ ಹಿಡಿದು 2017ರ ಅಂಡರ್-17 ಫುಟ್‌ಬಾಲ್ ವಿಶ್ವಕಪ್ ಫೈನಲ್ ಮತ್ತೆ ನೋಡಿದೆ. ನಮ್ಮ ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲೇ ನಡೆದದ್ದು, 60 ಸಾವಿರಕ್ಕೂ ಜಾಸ್ತಿ ಜನ. ಇಂಗ್ಲೆಂಡ್ ಮತ್ತು ಸ್ಪೇನ್. ಅದೇ ವರ್ಷ ಮೇ ತಿಂಗಳಲ್ಲಿ ಯುರೋಪ್‌ನ ಅಂಡರ್-17 ಟೂರ್ನಿಯ ಫೈನಲ್‌ನಲ್ಲೂ ಇವರೇ ಎದುರಾಳಿಗಳು, ಅಲ್ಲಿ ಇಂಗ್ಲೆಂಡ್ ಗೆದ್ದೇಬಿಟ್ಟಿತು ಅನ್ನುವಾಗ ಸ್ಪೇನ್ ಕೊನೇ ಗಳಿಗೆಯಲ್ಲಿ ಗೋಲು ಹೊಡೆದು ಸಮ ಮಾಡಿ, ಪೆನಾಲ್ಟಿಯಲ್ಲಿ ಕಪ್ ಎತ್ತಿಕೊಂಡು ಹೋಗಿತ್ತು. ಆ ಉರಿ ಎಷ್ಟಿರಬೇಡ!

ಇಲ್ಲೂ 31ನೇ ನಿಮಿಷಕ್ಕೆ ಸ್ಪೇನ್ 2-0. ಎರಡೂ ಸೆರ್ಜಿಯೊ ಗೋಮೆಸ್ ಹೊಡೆದದ್ದು. ಆ ವಯಸ್ಸಲ್ಲಿ ನಾನಾಗಿದ್ದರೆ ಹೊಟ್ಟೆನೋವು ಅಂತ ಹೊರಗೆ ಬಂದು ಕೂರುತ್ತಿದ್ದೆ, ನಿಜ ಹೇಳಬೇಕಂದ್ರೆ. ಈ ಇಂಗ್ಲೆಂಡ್ ಹುಡುಗರು ಮಾತ್ರ ಗಾಬರಿಯಾಗಲಿಲ್ಲ. ಅಂಚಿನಿಂದ ಚೆಂಡು ಒಳಗೆ ಹಾಕುತ್ತಲೇ ಹೋದರು. ಹಾಫ್ ಟೈಮ್‌ಗೆ ಸ್ವಲ್ಪ ಮುಂಚೆ ಬ್ರೂಸ್ಟರ್ ತಲೆಯಿಂದ ಹೊಡೆದ ಗೋಲು, ಆಮೇಲೆ ಗಿಬ್ಸ್-ವೈಟ್, ಫೋಡನ್, ಗೇಹಿ, ಮತ್ತೆ ಫೋಡನ್. 5-2!

ನನಗೆ ಕಾಡಿದ್ದು ಗೋಮೆಸ್. ಫೈನಲ್‌ನಲ್ಲಿ ಎರಡು ಗೋಲು ಹೊಡೆದೂ ಸೋಲುವುದು ಅಂದರೆ ಏನು ಕರ್ಮ, ಅಲ್ವಾ? ಮಜಾ ನೋಡಿ, 2022ರಲ್ಲಿ ಅವನು ಸೇರಿದ್ದು ಫೋಡನ್ ಆಡುತ್ತಿದ್ದ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬನ್ನೇ. ಡ್ರೆಸ್ಸಿಂಗ್ ರೂಮಿನಲ್ಲಿ ಒಮ್ಮೆಯಾದರೂ ಆ ಕೋಲ್ಕತ್ತಾ ಸಂಜೆಯ ಮಾತು ಬಂದಿರುತ್ತಾ? ಬಂದರೆ ಮೊದಲು ಬಾಯಿ ತೆರೆದವರು ಯಾರಿರಬಹುದು? ಇದನ್ನೇ ಯೋಚಿಸುತ್ತಾ ಎರಡು ಗಂಟೆ ಆಯಿತು, ಬೆಳಿಗ್ಗೆ ಬಸ್ಸೂ ತಪ್ಪಿತು.