ಲೈಬ್ರರಿ ಗೋಡೆಯ ಏಳು ಮರಗಳು

ಲೈಬ್ರರಿಯ ಓದುವ ಕೋಣೆಯಲ್ಲಿರುವ ಆ ದೊಡ್ಡ ಟೇಪೆಸ್ಟ್ರಿಯನ್ನು, ಅಂದರೆ ಗೋಡೆಗೆ ನೇತು ಹಾಕಿದ ನೇಯ್ದ ಚಿತ್ರವನ್ನು, ನೀವು ದಿನಾ ನೋಡುತ್ತೀರಿ ಅಲ್ವಾ? 3 ಮೀಟರ್ ಅಗಲ, 2 ಮೀಟರ್ ಎತ್ತರ, ಮಳೆಯಲ್ಲಿ ನಿಂತ ಏಳು ಮರಗಳು. ಆ ಗೋಡೆಯ ಅಳತೆಗೇ ಅಂತ ನೇಯ್ದ ಮೂವರಲ್ಲಿ ನಾನೊಬ್ಬಳು. 14 ತಿಂಗಳು ಹಿಡಿಯಿತು.

ಅದನ್ನು ನಾವು ನೇಯ್ದದ್ದು ಅಡ್ಡಲಾಗಿ. ಮರಗಳು ಮಗ್ಗದ ಮೇಲೆ ಮಲಗಿದ್ದವು. ಟೇಪೆಸ್ಟ್ರಿಯಲ್ಲಿ ಹೊಕ್ಕು, ಅಂದರೆ ಅಡ್ಡ ನೂಲು, ಈ ಅಂಚಿನಿಂದ ಆ ಅಂಚಿಗೆ ಹೋಗುವುದಿಲ್ಲ, ಪ್ರತಿ ಬಣ್ಣವೂ ತನ್ನ ಜಾಗದಲ್ಲೇ ಹೋಗಿ ಬಂದು ಮಾಡುತ್ತದೆ, ಹಾಸು, ಅಂದರೆ ಮಗ್ಗಕ್ಕೆ ಬಿಗಿದ ಉದ್ದ ನೂಲು, ಪೂರ್ತಿ ಮುಚ್ಚಿಹೋಗುತ್ತದೆ. ಹಾಸಿನ ಗುಂಟ ಎರಡು ಬಣ್ಣ ಪಕ್ಕಪಕ್ಕ ಏರಿದರೆ ನಡುವೆ ಸೀಳು ಉಳಿಯುತ್ತದೆ. ನೆಟ್ಟಗಿನ ಕಾಂಡಗಳನ್ನು ನೆಟ್ಟಗೇ ನೇಯ್ದಿದ್ದರೆ ಉದ್ದಕ್ಕೂ ಸೀಳುಗಳೇ. ಮಲಗಿಸಿದರೆ ಕಾಂಡ ಅಂದರೆ ಒಂದಷ್ಟು ಸಾಲು ಕಂದು ಉಣ್ಣೆ, ಅಷ್ಟೇ.

600 ಎಳೆ ಹತ್ತಿಯ ಹಾಸು. ಬಲಗಡೆಯ ಅಂಚು ನನ್ನದು. 30 ಸೆಂಟಿಮೀಟರ್ ನೇಯ್ದ ಮೇಲೆ ನಮಗೆ ನೇಯ್ಗೆ ಕಲಿಸುತ್ತಿದ್ದ ಮೇಷ್ಟ್ರು ಅಳತೆ ಪಟ್ಟಿ ಹಿಡಿದರು. ಮಗ್ಗದ ಮೇಲೆ 200 ಸೆಂಟಿಮೀಟರ್ ಇರಬೇಕಾದ ಅಗಲ (ನೇತು ಹಾಕಿದಾಗ ಅದೇ ಎತ್ತರ) 193 ಆಗಿತ್ತು. ನಾನು ಹೊಕ್ಕನ್ನು ಬಿಗಿಯಾಗಿ ಎಳೆಯುತ್ತಿದ್ದೆ, ಅಂಚು ದಿನಾ ಒಂದು ಕೂದಲಷ್ಟು ಒಳಗೆ ಸರಿಯುತ್ತಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೇಷ್ಟ್ರು ಬೈಯಲಿಲ್ಲ. "ಬಿಚ್ಚೋಣ" ಅಂದರು, ಅವರೇ ಮೊದಲ ಎಳೆ ಬಿಚ್ಚಿದರು. ಗೆಳತಿಯರಿಬ್ಬರೂ ಒಂದು ಮಾತು ಆಡದೆ ಒಂಬತ್ತು ದಿನ ನನ್ನ ಜೊತೆ ಕೂತು ಬಿಚ್ಚಿದರು. ಅದನ್ನು ನಾನು ಮರೆತಿಲ್ಲ.

ಆಮೇಲೆ ಮೇಷ್ಟ್ರು ನನ್ನ ಕೈ ಹಿಡಿದು ತೋರಿಸಿದ್ದು ಇದು: ನೂಲನ್ನು ನೇರವಾಗಿ ಇಡಬಾರದು. ಸಣ್ಣ ಸಣ್ಣ ಗುಡ್ಡಗಳ ಹಾಗೆ ಕಮಾನು ಕಟ್ಟಿ ಬಿಡಬೇಕು, ಬಾಬಿನ್, ಅಂದರೆ ನೂಲು ಸುತ್ತಿದ ಕಡ್ಡಿಯ, ತುದಿಯಿಂದ ಒಂದೊಂದು ಗುಡ್ಡದ ನಡುವೆ ಒತ್ತಬೇಕು, ಕೊನೆಗೆ ಬಾಚಣಿಗೆಯಿಂದ ಬಡಿಯಬೇಕು. ಆಗ ಹಾಸಿನ ಹಿಂದೆ ಮುಂದೆ ಸುತ್ತಲು ಬೇಕಾದಷ್ಟು ನೂಲು ಅದಕ್ಕೆ ಸಿಗುತ್ತದೆ. ಅಂಚು ಅಲ್ಲಾಡುವುದಿಲ್ಲ.

ನಾವು ಕೂರುತ್ತಿದ್ದದ್ದು ಚಿತ್ರದ ಹಿಂಬದಿಯಲ್ಲಿ. ನೂಲಿನ ತುದಿಗಳೆಲ್ಲ ನಮ್ಮ ಕಡೆ ಜೋತಾಡುತ್ತಿದ್ದವು, ಮುಂಭಾಗ ನೋಡಬೇಕೆಂದರೆ ಆಚೆ ಒಂದು ಕನ್ನಡಿ ಇಟ್ಟು ಎಳೆಗಳ ಸಂದಿಯಿಂದ ಇಣುಕಬೇಕು. ನೇಯ್ದ ಭಾಗ ಕೆಳಗಿನ ದಿಂಡಿಗೆ ಸುತ್ತಿಕೊಳ್ಳುತ್ತಿತ್ತು, ಕಣ್ಣಿಗೆ ಸಿಗುತ್ತಿದ್ದದ್ದು ಒಂದು ಮೊಳದಷ್ಟು ಮಾತ್ರ. ಬೇಜಾರಾದಾಗ ಮೇಷ್ಟ್ರು ಇಂಗ್ಲೆಂಡಿನ ಕವೆಂಟ್ರಿ ಕೆಥೆಡ್ರಲ್‌ನ ಟೇಪೆಸ್ಟ್ರಿ ನೆನಪಿಸುತ್ತಿದ್ದರು. 1962ರದ್ದು, ಫ್ರಾನ್ಸಿನಲ್ಲಿ ನೇಯ್ದದ್ದು, ಸುಮಾರು 23 ಮೀಟರ್ ಎತ್ತರ, ಒಂದೇ ತುಂಡು. ಅವರೂ ಹೀಗೇ ಸುತ್ತಿಕೊಂಡೇ ನೇಯ್ದರು ಅನ್ನುತ್ತಿದ್ದರು.

ಹಾಸು ಕತ್ತರಿಸಿದ ದಿನ ನೆಲದ ಮೇಲೆ ಬಿಡಿಸಿದೆವು. ಏಳು ಮರ ಒಟ್ಟಿಗೆ ನೋಡಿದ್ದು ಅದೇ ಮೊದಲು. ಯಾರೂ ಮಾತಾಡಲಿಲ್ಲ. ಉಳಿದ ಸೀಳುಗಳನ್ನು ಹೊಲಿಯಲು ಇನ್ನೂ ಎರಡು ವಾರ ಬೇಕಾಯಿತು. ನೇತು ಹಾಕಿದಾಗ ಅವು ಅಡ್ಡ ಬರುತ್ತವಲ್ಲ, ಭಾರಕ್ಕೆ ಬಾಯಿ ಬಿಡುತ್ತವೆ.

ಮುಂದಿನ ಸಲ ಹೋದಾಗ ಎಡದಿಂದ ಮೂರನೆಯ ಮರ ನೋಡಿ. ಕಾಂಡದ ಎಡ ಅರ್ಧಕ್ಕಿಂತ ಬಲ ಅರ್ಧ ಒಂದು ಚೂರು ಕಪ್ಪು. ಕಂದು ಉಣ್ಣೆ ಅಲ್ಲಿ ಮುಗಿದಿತ್ತು, ಮತ್ತೆ ಬಣ್ಣ ಕಾಯಿಸಿ ಅದ್ದಿದರೂ ಹಳೇ ಕಂದು ಬರಲಿಲ್ಲ. ಎರಡನ್ನೂ ಬಾಚಣಿಗೆ ಹಲ್ಲುಗಳ ಹಾಗೆ ಒಂದರೊಳಗೊಂದು ಸೇರಿಸಿ ನೇಯ್ದೆವು. ನೋಡಿದವರು ನೆರಳು ಅಂದುಕೊಳ್ಳುತ್ತಾರೆ.