ಕರುಣೆ ಎಲ್ಲಿಂದ ಬಂತು ಎಂಬುದೂ ಕರುಣೆ ಏಕೆ ಬೇಕು ಎಂಬುದೂ

ಮನುಷ್ಯನ ನೈತಿಕತೆ, ಪ್ರೀತಿ, ದುಃಖಗಳನ್ನು ಜೀವವಿಕಾಸದಿಂದ ವಿವರಿಸಬಹುದೇ ಎಂಬ ಚರ್ಚೆ ಎದ್ದಾಗಲೆಲ್ಲ ಎರಡು ಉತ್ತರಗಳು ಬಹಳ ಬೇಗ ಬಂದುಬಿಡುತ್ತವೆ. ವಿವರಿಸಬಹುದು, ಆದ್ದರಿಂದ ನೈತಿಕತೆಯೆಂಬುದು ಬರಿಯ ಭ್ರಮೆ ಎನ್ನುವವರು ಕೆಲವರು. ವಿವರಿಸಲಾಗದು, ಆದ್ದರಿಂದ ವಿಕಾಸವಾದವೇ ಸೋತಿತು ಎನ್ನುವವರು ಇನ್ನು ಕೆಲವರು. ಪರಸ್ಪರ ವಿರೋಧಿಗಳಂತೆ ಕಾಣುವ ಈ ಎರಡು ಪಂಗಡಗಳು ಒಂದು ನಂಬಿಕೆಯನ್ನು ಮಾತ್ರ ಹಂಚಿಕೊಂಡಿವೆ: ಒಂದು ಭಾವನೆ ಹೇಗೆ ಹುಟ್ಟಿತೆಂದು ತಿಳಿದರೆ ಅದರ ಬೆಲೆ ಇಳಿದುಹೋಗುತ್ತದೆ ಎಂಬ ನಂಬಿಕೆ. ಅದೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ವಿಕಾಸವಾದವು ಈ ವಿಷಯದಲ್ಲಿ ಎಷ್ಟು ದೂರ ಸಾಗಬಲ್ಲದು ಎಂಬುದನ್ನು ಮೊದಲು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಮಾನವನ ಉಗಮವನ್ನು ಕುರಿತ 1871ರ ಗ್ರಂಥದಲ್ಲಿ ಚಾರ್ಲ್ಸ್ ಡಾರ್ವಿನ್ ಒಂದು ವಲಸೆ ಹಕ್ಕಿಯ ಉದಾಹರಣೆ ಕೊಡುತ್ತಾರೆ. ಋತು ಬದಲಾದಾಗ ವಲಸೆಯ ಸೆಳೆತ ಎಷ್ಟು ಪ್ರಬಲವಾಗುತ್ತದೆಂದರೆ, ತಾಯಿ ಹಕ್ಕಿಯು ಇನ್ನೂ ಹಾರಲಾರದ ಮರಿಗಳನ್ನು ಗೂಡಿನಲ್ಲಿಯೇ ಬಿಟ್ಟು ಹೊರಟುಬಿಡುವುದುಂಟು. ಪಯಣ ಮುಗಿದು ಆ ಸೆಳೆತ ಅಡಗಿದ ಮೇಲೆ, ಚಳಿಗೂ ಹಸಿವಿಗೂ ಸಾಯುತ್ತಿರುವ ಮರಿಗಳ ಚಿತ್ರ ಅದರ ಮನಸ್ಸಿನಲ್ಲಿ ಮತ್ತೆ ಮತ್ತೆ ಮೂಡುವಷ್ಟು ನೆನಪಿನ ಶಕ್ತಿ ಅದಕ್ಕಿದ್ದಿದ್ದರೆ, ಅದು ಪಶ್ಚಾತ್ತಾಪದಿಂದ ನರಳುತ್ತಿತ್ತು. ಕ್ಷಣಿಕವಾದ ಬಯಕೆ ಗೆದ್ದು ಮರೆಯಾಗುತ್ತದೆ, ಸಂಘಜೀವನದ ಪ್ರವೃತ್ತಿಯೋ ಸದಾ ಉಳಿದಿರುತ್ತದೆ. ನೆನಪು ಇವೆರಡನ್ನೂ ಹೋಲಿಸಿ ನೋಡುವಷ್ಟು ಬೆಳೆದಾಗ ಆತ್ಮಸಾಕ್ಷಿ ಹುಟ್ಟುತ್ತದೆ. ಆತ್ಮಸಾಕ್ಷಿಯ ಹುಟ್ಟನ್ನು ಇಷ್ಟು ಸರಳವಾಗಿ, ಇಷ್ಟು ಆಳವಾಗಿ ಹೇಳಿದ ಮತ್ತೊಂದು ವಿವರಣೆಯನ್ನು ನಾನು ಓದಿಲ್ಲ.

ಡಾರ್ವಿನ್ನರಿಗೆ ತಿಳಿಯದಿದ್ದ ಲೆಕ್ಕಾಚಾರವನ್ನು ಇಪ್ಪತ್ತನೆಯ ಶತಮಾನ ಪೂರೈಸಿತು. ಒಡಹುಟ್ಟಿದವರು ಸರಾಸರಿ ಅರ್ಧದಷ್ಟು ವಂಶವಾಹಿಗಳನ್ನು ಹಂಚಿಕೊಂಡಿರುವುದರಿಂದ, ತನಗೆ ನಷ್ಟವಾದರೂ ಬಂಧುವಿಗೆ ಸಾಕಷ್ಟು ಲಾಭವಾಗುವ ನಡತೆಯು ನಿಸರ್ಗದ ಆಯ್ಕೆಯಲ್ಲಿ, ಅಂದರೆ ಹೆಚ್ಚು ಸಂತತಿ ಉಳಿಯಲು ನೆರವಾಗುವ ಗುಣಗಳೇ ತಲೆಮಾರಿನಿಂದ ತಲೆಮಾರಿಗೆ ಹರಡುವ ಪ್ರಕ್ರಿಯೆಯಲ್ಲಿ, ಉಳಿದುಕೊಳ್ಳಬಲ್ಲದು ಎಂದು ವಿಲಿಯಂ ಹ್ಯಾಮಿಲ್ಟನ್ 1964ರಲ್ಲಿ ತೋರಿಸಿದರು. ಬಂಧುಗಳಲ್ಲದವರ ನಡುವೆಯೂ ಉಪಕಾರಕ್ಕೆ ಪ್ರತ್ಯುಪಕಾರ ಸಿಗುವ ಸಂಭವವಿದ್ದರೆ ಸಹಕಾರ ಬೆಳೆಯಬಲ್ಲದು ಎಂದು 1971ರಲ್ಲಿ ರಾಬರ್ಟ್ ಟ್ರಿವರ್ಸ್ ವಾದಿಸಿದರು. ರಕ್ತ ಕುಡಿದು ಬದುಕುವ ಬಾವಲಿಗಳು ಸತತ ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಸಾಯುತ್ತವೆ. ಹೊಟ್ಟೆ ತುಂಬಿದ ಬಾವಲಿಯು ಹಸಿದ ಸಂಗಾತಿಗೆ ತಾನು ಕುಡಿದುದನ್ನೇ ಕಕ್ಕಿ ಉಣಿಸುವುದನ್ನು ಜೆರಾಲ್ಡ್ ವಿಲ್ಕಿನ್ಸನ್ 1984ರಲ್ಲಿ ವರದಿ ಮಾಡಿದರು.

ಇಲ್ಲಿಯೇ ಒಂದು ದೊಡ್ಡ ಗೊಂದಲವೂ ಹುಟ್ಟುತ್ತದೆ. ಇದೇ ಸಿದ್ಧಾಂತಕ್ಕೆ ಒಂದು ಸುಂದರವಾದ ಸಮೀಕರಣವನ್ನು 1970ರಲ್ಲಿ ಕೊಟ್ಟ ಜಾರ್ಜ್ ಪ್ರೈಸ್, ಪರೋಪಕಾರದ ಬುಡದಲ್ಲಿ ಇಂಥದೊಂದು ಲೆಕ್ಕವಿರುವುದನ್ನು ಕಂಡು ತೀವ್ರವಾಗಿ ಕಳವಳಗೊಂಡರು. ಮುಂದೆ ಅವರು ಧರ್ಮದ ಕಡೆಗೆ ತಿರುಗಿ, ಲಂಡನ್ನಿನಲ್ಲಿ ನೆಲೆಯಿಲ್ಲದವರಿಗೆ ತಮ್ಮಲ್ಲಿದ್ದುದನ್ನೆಲ್ಲ ಕೊಟ್ಟು, 1975ರ ಆರಂಭದಲ್ಲಿ ಕಡುಬಡತನದಲ್ಲಿ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಅದನ್ನು ಒಂದು ಸಮೀಕರಣದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಅವರ ಆ ಕಳವಳವನ್ನು ನಾನು ಗೌರವದಿಂದಲೇ ನೋಡುತ್ತೇನೆ, ಏಕೆಂದರೆ ಈ ಸಿದ್ಧಾಂತವನ್ನು ಮೊದಲ ಬಾರಿಗೆ ಅರ್ಥಮಾಡಿಕೊಂಡ ಬಹುತೇಕರಿಗೆ ಅದರ ಒಂದಂಶವಾದರೂ ತಟ್ಟಿರುತ್ತದೆ. ವಂಶವಾಹಿಗಳ ಲಾಭನಷ್ಟದ ಲೆಕ್ಕವು ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಒಂದು ಗುಣ ಏಕೆ ಉಳಿಯಿತು ಎಂಬುದನ್ನು ಹೇಳುತ್ತದೆಯೇ ಹೊರತು, ಈ ಹೊತ್ತು ಮಗುವನ್ನು ಎದೆಗವುಚಿಕೊಂಡ ತಾಯಿಯ ಮನಸ್ಸಿನಲ್ಲಿ ಏನಿದೆ ಎಂಬುದನ್ನಲ್ಲ. ಆಕೆ ವಂಶವಾಹಿಗಳನ್ನು ಪ್ರೀತಿಸುತ್ತಿಲ್ಲ, ಮಗುವನ್ನು ಪ್ರೀತಿಸುತ್ತಿದ್ದಾಳೆ. ಲೆಕ್ಕ ಕೂಡಿಬರಲು ಆ ಪ್ರೀತಿ ನಿಜವಾಗಿಯೇ ಇರಬೇಕಾಗಿತ್ತು.

ದುಃಖದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಸತ್ತವರಿಗಾಗಿ ಅಳುವುದರಿಂದ ಸತ್ತವರು ಮರಳುವುದಿಲ್ಲ. ಅಳುವವರು ಆಹಾರ ನಿದ್ರೆ ಬಿಟ್ಟು ಸೊರಗುತ್ತಾರೆ. ಜೇನ್ ಗುಡಾಲ್ ಗಮನಿಸುತ್ತಿದ್ದ ಫ್ಲೋ ಎಂಬ ಹೆಣ್ಣು ಚಿಂಪಾಂಜಿ 1972ರಲ್ಲಿ ಸತ್ತಾಗ, ಸುಮಾರು ಎಂಟೂವರೆ ವರ್ಷದ ಅದರ ಮಗ ಫ್ಲಿಂಟ್ ಊಟ ಬಿಟ್ಟು, ಗುಂಪಿನಿಂದ ದೂರ ಸರಿದು, ಒಂದು ತಿಂಗಳೊಳಗೆ ತಾನೂ ಸತ್ತಿತು. ದುಃಖವು ಸ್ವತಃ ಉಪಯುಕ್ತವಲ್ಲದಿರಬಹುದು, ಆದರೆ ಗಾಢವಾದ ಬಾಂಧವ್ಯಕ್ಕೆ ತೆರಬೇಕಾದ ಬೆಲೆ ಅದು ಎಂಬುದು ಹಲವು ವಿಜ್ಞಾನಿಗಳು ಕೊಡುವ ವಿವರಣೆ. ನನಗೂ ಅದು ಒಪ್ಪಿಗೆಯಾಗುತ್ತದೆ. ಸ್ವತಃ ಡಾರ್ವಿನ್ 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿಯನ್ನು ಕಳೆದುಕೊಂಡರು. ನಿಸರ್ಗದ ಆಯ್ಕೆಯ ಸಿದ್ಧಾಂತ ಆ ವೇಳೆಗಾಗಲೇ ಅವರ ಬಳಿ ಹಸ್ತಪ್ರತಿಯ ರೂಪದಲ್ಲಿತ್ತು. ಅದನ್ನು ಬರೆದ ಕೈಯೇ ಮಗಳ ಸ್ವಭಾವವನ್ನೂ ಸಣ್ಣಪುಟ್ಟ ಚೇಷ್ಟೆಗಳನ್ನೂ ನೆನೆದು ಒಂದು ಸ್ಮರಣೆಯನ್ನು ಬರೆಯಿತು. ಆ ಸಿದ್ಧಾಂತ ಅವರ ಶೋಕವನ್ನು ಎಳ್ಳಷ್ಟೂ ಸುಳ್ಳು ಮಾಡಲಿಲ್ಲ.

ಇನ್ನು ವಿಕಾಸವಾದದಿಂದ ಆಗದ ಕೆಲಸ ಯಾವುದು? ಮುಸುವಗಳ ಗುಂಪಿಗೆ ಹೊಸದಾಗಿ ಒಡೆಯನಾಗುವ ಗಂಡು, ಹಿಂದಿನ ಗಂಡಿನ ಹಸುಗೂಸುಗಳನ್ನು ಕೊಲ್ಲುವುದುಂಟು. ಮೌಂಟ್ ಅಬುವಿನಲ್ಲಿ 1970ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿದ ಸಾರಾ ಹರ್ಡಿ, ತಾಯಂದಿರು ಬೇಗ ಮತ್ತೆ ಗರ್ಭಧರಿಸುವಂತಾಗುವುದರಿಂದ ಅದು ಆ ಗಂಡಿಗೆ ಸಂತಾನಲಾಭ ತರುತ್ತದೆ ಎಂದು ವಾದಿಸಿದರು. ಮರಿಯ ಮೇಲಿನ ಮಮತೆಯನ್ನು ರೂಪಿಸಿದ ಪ್ರಕ್ರಿಯೆಯೇ ಮರಿಯ ಹತ್ಯೆಯನ್ನೂ ರೂಪಿಸಿತು ಎಂದಾದರೆ, ಇವೆರಡರಲ್ಲಿ ಯಾವುದು ಸರಿ ಎಂದು ಆ ಪ್ರಕ್ರಿಯೆಯನ್ನೇ ಕೇಳಿ ಪ್ರಯೋಜನವಿಲ್ಲ. ಡಾರ್ವಿನ್ನರ ಪಕ್ಷ ವಹಿಸಿ ಅತ್ಯಂತ ಗಟ್ಟಿಯಾಗಿ ವಾದಿಸಿದ್ದ ಥಾಮಸ್ ಹಕ್ಸ್‌ಲಿಯವರೇ 1893ರ ಉಪನ್ಯಾಸವೊಂದರಲ್ಲಿ, ಸಮಾಜದ ನೈತಿಕ ಪ್ರಗತಿಯು ಪ್ರಕೃತಿಯ ಈ ಪ್ರಕ್ರಿಯೆಯನ್ನು ಅನುಕರಿಸುವುದರಿಂದಲ್ಲ, ಅದರಿಂದ ಓಡಿಹೋಗುವುದರಿಂದಲೂ ಅಲ್ಲ, ಅದರೊಡನೆ ಹೋರಾಡುವುದರಿಂದ ಆಗುತ್ತದೆ ಎಂದಿದ್ದರು.

ನದೀಮೂಲ ಋಷಿಮೂಲ ಕೇಳಬಾರದು ಎನ್ನುತ್ತಾರೆ. ನಾನಂತೂ ಕೇಳಲೇಬೇಕು ಎನ್ನುವ ಪಕ್ಷ. ಆದರೆ ಕೇಳಿ ತಿಳಿದ ಮೇಲೆ, ನೀರು ಕುಡಿಯಲು ಯೋಗ್ಯವೇ ಎಂಬುದನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕಾಗುತ್ತದೆ.

ನಿಸರ್ಗದ ಆಯ್ಕೆಯನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದ ಆಲ್ಫ್ರೆಡ್ ವಾಲೇಸ್, ಗಣಿತ ಮತ್ತು ಸಂಗೀತದಂಥ ಸಾಮರ್ಥ್ಯಗಳು ಆದಿಮಾನವನ ಅಗತ್ಯವನ್ನು ಮೀರಿದವು ಎಂಬ ಕಾರಣಕ್ಕೆ, 1869ರ ಹೊತ್ತಿಗೆ ಮನುಷ್ಯನ ಮನಸ್ಸನ್ನು ಆ ಸಿದ್ಧಾಂತದಿಂದ ಹೊರಗಿಟ್ಟರು. ಡಾರ್ವಿನ್ನರಿಗೆ ಇದರಿಂದ ನೋವಾಯಿತು. ವಾಲೇಸರ ತೀರ್ಮಾನ ನನಗೂ ಒಪ್ಪಿಗೆಯಿಲ್ಲ, ಆದರೆ ಅವರು ಗುರುತಿಸಿದ ಅಂತರ ನಿಜವಾದದ್ದು. ಒಂದು ಅಗತ್ಯಕ್ಕೆ ಬೆಳೆದ ಬುದ್ಧಿ ಅದನ್ನು ದಾಟಿ ತನ್ನದೇ ನಿಯಮಗಳಿಗೆ ಬದ್ಧವಾಗಿ ಮುನ್ನಡೆಯಬಲ್ಲದು. ಎಣಿಸುವ ಶಕ್ತಿ ನಮಗೆ ವಿಕಾಸದಿಂದ ಬಂದಿರಬಹುದು. ಅವಿಭಾಜ್ಯ ಸಂಖ್ಯೆಗಳು ಅನಂತವಾಗಿವೆ ಎಂಬುದಕ್ಕೆ ಮಾತ್ರ ನಾವು ತರ್ಕಬದ್ಧ ಪುರಾವೆಯನ್ನು ಕೇಳುತ್ತೇವೆ, ಮಿದುಳಿನ ಚರಿತ್ರೆಯನ್ನಲ್ಲ. ಗಣಿತದಲ್ಲಿರುವಂಥ ನಿಶ್ಚಿತತೆ ನೈತಿಕತೆಯಲ್ಲಿ ಇಲ್ಲವೆಂಬುದು ನಿಜ, ಆದರೂ ಅಲ್ಲಿಯೂ ವಾದವಿದೆ, ಪ್ರತಿವಾದವಿದೆ, ಹಿಂದಿನ ತಲೆಮಾರು ಸಹಜವೆಂದು ಒಪ್ಪಿದ್ದ ಗುಲಾಮಗಿರಿಯನ್ನು ಅನ್ಯಾಯವೆಂದು ಗುರುತಿಸುವ ಶಕ್ತಿಯಿದೆ.

ಬದುಕಿನ ಅರ್ಥದ ಪ್ರಶ್ನೆಯನ್ನೂ ನಾನು ಇದೇ ದಾರಿಯಲ್ಲಿ ನೋಡುತ್ತೇನೆ. ನಿಸರ್ಗದ ಆಯ್ಕೆಗೆ ಗುರಿಯಿಲ್ಲ, ಮುಂದಾಲೋಚನೆಯಿಲ್ಲ. ಹಾಗಿದ್ದ ಮೇಲೆ ನಮ್ಮ ಬದುಕಿಗೂ ಅರ್ಥವಿಲ್ಲ ಎಂಬ ತೀರ್ಮಾನಕ್ಕೆ ಬರಬೇಕಾದರೆ, ಅರ್ಥವೆಂಬುದು ಹುಟ್ಟಿಸಿದವರ ಉದ್ದೇಶದಿಂದ ಮಾತ್ರ ಬರಬಲ್ಲದು ಎಂದು ಮೊದಲೇ ಒಪ್ಪಿಕೊಂಡಿರಬೇಕು. ಯಾವ ಉದ್ದೇಶವೂ ಇಲ್ಲದೆ ಆಕಸ್ಮಿಕವಾಗಿ ಹುಟ್ಟಿದ ಮಗುವಿನ ಬದುಕು, ಯೋಜಿಸಿ ಹೆತ್ತ ಮಗುವಿನ ಬದುಕಿಗಿಂತ ಕಡಿಮೆ ಅರ್ಥವುಳ್ಳದ್ದು ಎಂದು ಯಾರೂ ಹೇಳಲಾರರು. ಇನ್ನೂರು ವರ್ಷಗಳ ನಂತರ ಹುಟ್ಟಲಿರುವವರನ್ನು ನೆನೆದು ಇಂದು ಒಬ್ಬರು ಕಾಡನ್ನೋ ನದಿಯನ್ನೋ ಉಳಿಸಲು ಹೆಣಗುತ್ತಿದ್ದರೆ, ಆ ಜನರು ಅವರ ರಕ್ತಸಂಬಂಧಿಗಳೇ ಆಗಿರಬೇಕಿಲ್ಲ, ಅವರಿಂದ ಪ್ರತ್ಯುಪಕಾರವಂತೂ ಸಾಧ್ಯವೇ ಇಲ್ಲ. ಇಂಥ ಕಾಳಜಿಯ ಬೀಜ ಮಮತೆಯಲ್ಲಿಯೂ ಸಹಕಾರದಲ್ಲಿಯೂ ಇದ್ದಿರಬಹುದು; ಆದರೆ ಅವರು ಮಾಡುತ್ತಿರುವುದು ಸರಿಯೇ ಎಂದು ಕೇಳಿದಾಗ ಅವರು ಕೊಡುವ ಕಾರಣಗಳು ಆ ಜನರ ಬಾಯಾರಿಕೆಗೆ, ಆರೋಗ್ಯಕ್ಕೆ, ಅವರಿಗೆ ಉಳಿಯುವ ಭೂಮಿಗೆ ಸಂಬಂಧಿಸಿದವು. ಆ ಕಾರಣಗಳನ್ನು ಒಪ್ಪದವರು ಅವುಗಳನ್ನೇ ಎತ್ತಿಕೊಂಡು ಉತ್ತರಿಸಬೇಕು.